ಗಿಯರ್‌ಬಾಕ್ಸ್ ಬೇಡ ಅಂದ ಪೋರ್ಷೆ

ಪೋರ್ಷೆ ಅಂದ ತಕ್ಷಣ ನಮ್ಮ ವಯಸ್ಸಿನವರಿಗೆ ನೆನಪಾಗೋದು ಹಾಸ್ಟೆಲ್ ಗೋಡೆ ಮೇಲಿನ 911 ಪೋಸ್ಟರ್. ಆ ಹೆಸರಿನ ಹಿಂದೆ ತಗಡು ಕೆಲಸದವನ ಮಗನೊಬ್ಬ ಇದ್ದ, ಡಿಗ್ರಿ ಇಲ್ಲದ ಹುಡುಗ, 25 ವರ್ಷ ತುಂಬೋ ಹೊತ್ತಿಗೆ ಪೆಟ್ರೋಲ್ ಮತ್ತು ಕರೆಂಟ್ ಎರಡರಲ್ಲೂ ಓಡೋ ಕಾರಿನ ಕೆಲಸ ಶುರು ಮಾಡಿದ್ದ. ಆ ಕಾರಿನಲ್ಲಿ ಗಿಯರ್‌ಬಾಕ್ಸೇ ಇರಲಿಲ್ಲ. ಇದನ್ನ ಹೇಳಿದರೆ ನಮ್ಮ ಕ್ಲಾಸಿನಲ್ಲೇ ಅರ್ಧ ಜನ ನಂಬಲ್ಲ.

ಫರ್ಡಿನಾಂಡ್ ಪೋರ್ಷೆಯ ಕಥೆ ಈಗ ಯಾಕೆ ಅಂದ್ರೆ, ನಮ್ಮ ಬಳ್ಳಾರಿ ರಸ್ತೆಗಳ ಮೇಲೂ ಹೈಬ್ರಿಡ್ ಕಾರುಗಳು ಬಂದಿವೆ. ರಾಯಲ್ ಸರ್ಕಲ್ ಹತ್ರ ಹತ್ತು ನಿಮಿಷ ನಿಂತರೆ ಒಂದೆರಡಾದರೂ ಕಣ್ಣಿಗೆ ಬೀಳ್ತವೆ. ಸಿರುಗುಪ್ಪಕ್ಕೆ, ಕುರುಗೋಡಿಗೆ ಬಾಡಿಗೆ ಹೊಡೆಯೋರೂ ತಗೊಂಡಿದ್ದಾರೆ. ಅವುಗಳಲ್ಲಿ ಹಲವು ಹುಟ್ಟೋದು ನಮ್ಮ ರಾಜ್ಯದ ಬಿಡದಿಯಲ್ಲೇ. ಆದ್ರೆ ಕಾರು ಏನೇ ಸದ್ದು ಮಾಡಿದರೂ ಜನ ಹೇಳೋದು ಒಂದೇ ಮಾತು, ಗಿಯರ್‌ಬಾಕ್ಸ್ ಹೋಯ್ತು ಅಂತ. ನಿಜಕ್ಕೂ ಹೋಗಿರೋದು ಏನು ಅಂತ ಗುರುತಿಸಬೇಕಾದರೆ, ಆ ಗಿಯರ್‌ಬಾಕ್ಸನ್ನ ಕಿತ್ತು ಹಾಕಿದವನ ಹತ್ತಿರ ಹೋಗಬೇಕು.

ಆತ ಹುಟ್ಟಿದ್ದು 1875ರ ಸೆಪ್ಟೆಂಬರ್ 3ರಂದು, ಮಾಫರ್ಸ್‌ಡಾರ್ಫ್ ಅನ್ನೋ ಊರಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಬೊಹೆಮಿಯಾ, ಈಗ ಚೆಕ್ ದೇಶ. ಅಪ್ಪ ಆಂಟನ್ ಪೋರ್ಷೆ ತಗಡು ಕೆಲಸದ ಮೇಸ್ತ್ರಿ. ಮಗನೂ ಅದೇ ಕೆಲಸಕ್ಕೆ ಬರಲಿ ಅನ್ನೋದು ಅಪ್ಪನ ಆಸೆ. ಮಗನಿಗೆ ಮಾತ್ರ ಕರೆಂಟಿನ ಹುಚ್ಚು. ಊರಲ್ಲಿದ್ದ ಗಿಂಜ್‌ಕಿ ಅನ್ನೋರ ಕಾರ್ಪೆಟ್ ಫ್ಯಾಕ್ಟರಿಗೆ ಕರೆಂಟ್ ದೀಪ ಬಂದಿತ್ತು, ಹುಡುಗ ಅಲ್ಲೇ ಸುತ್ತಾಡ್ತಿದ್ದ. ಹಗಲು ಅಪ್ಪನ ಜೊತೆ ತಗಡು ಬಡಿಯೋದು, ರಾತ್ರಿ ಪಕ್ಕದ ರೈಶನ್‌ಬರ್ಗ್ ಪಟ್ಟಣದ ಟೆಕ್ನಿಕಲ್ ಶಾಲೆಗೆ ಹೋಗೋದು. 1893ರಲ್ಲಿ ತಮ್ಮ ಮನೆಗೇ ವೈರಿಂಗ್ ಮಾಡಿ ದೀಪ ಉರಿಸಿಬಿಟ್ಟ. ಆಮೇಲೆ ಅಪ್ಪನೂ ಹೆಚ್ಚು ಹಟ ಮಾಡಲಿಲ್ಲ.

ಅದೇ ವರ್ಷ ವಿಯೆನ್ನಾಕ್ಕೆ ಹೋಗಿ ಬೇಲಾ ಎಗ್ಗರ್ ಅನ್ನೋರ ಎಲೆಕ್ಟ್ರಿಕಲ್ ಕಂಪನಿ ಸೇರಿದ. ಕೆಲಸ ಮುಗಿದ ಮೇಲೆ ಅಲ್ಲಿನ ಟೆಕ್ನಿಕಲ್ ಯೂನಿವರ್ಸಿಟಿಯ ಕ್ಲಾಸುಗಳಿಗೆ ಹೋಗಿ ಕೂರ್ತಿದ್ದ. ಅಡ್ಮಿಷನ್ ಇಲ್ಲ, ಪರೀಕ್ಷೆ ಇಲ್ಲ, ಪಾಠ ಕೇಳೋದಷ್ಟೇ. (ನಾವು ಅಡ್ಮಿಷನ್ ಇಟ್ಕೊಂಡು ಕ್ಲಾಸಿಗೆ ಹೋಗದವರು. ಇರ್ಲಿ.) ಕೆಲವೇ ವರ್ಷಗಳಲ್ಲಿ ಕಂಪನಿಯ ಟೆಸ್ಟಿಂಗ್ ವಿಭಾಗ ನೋಡಿಕೊಳ್ಳೋ ಮಟ್ಟಕ್ಕೆ ಬೆಳೆದ. ಅಲ್ಲಿಂದ ಲೋನರ್ ಕಂಪನಿಗೆ ಹೋದ. ಅವರು ಅರಮನೆಗೆ ಸಾರೋಟು ಮಾಡಿಕೊಡ್ತಿದ್ದವರು, ಕುದುರೆ ಹೋಗಿ ಮೋಟರ್ ಬರೋ ಕಾಲ ಅಂತ ಅವರಿಗೆ ಅರ್ಥವಾಗಿತ್ತು.

ಆಗಿನ ಪೆಟ್ರೋಲ್ ಕಾರಿನ ಗಿಯರ್ ಹೇಗಿತ್ತು ಅಂತ ಸ್ವಲ್ಪ ಊಹಿಸಿಕೊಳ್ಳಿ. ಸಿಂಕ್ರೋಮೆಶ್ ಇಲ್ಲ. ತಿರುಗ್ತಿರೋ ಒಂದು ಹಲ್ಲಿನ ಚಕ್ರವನ್ನ ತಿರುಗ್ತಿರೋ ಇನ್ನೊಂದಕ್ಕೆ ಜಾರಿಸಿ ಕೂರಿಸಬೇಕು, ವೇಗ ಹೊಂದದಿದ್ದರೆ ಹಲ್ಲು ಉದುರ್ತಾವೆ. ಅಲ್ಲಿಂದ ಚೈನು, ಬೆಲ್ಟು. ಸದ್ದು, ಎಣ್ಣೆ, ಧೂಳು, ದಾರಿಯಲ್ಲಿ ರಿಪೇರಿ. ಇಂಜಿನ್ ಮಾಡಿದ ಕೆಲಸದಲ್ಲಿ ಒಂದು ಪಾಲು ಈ ಗದ್ದಲದಲ್ಲೇ ಖರ್ಚಾಗ್ತಿತ್ತು. ಪೋರ್ಷೆಗೆ ಇದು ಸರಿ ಕಾಣಲಿಲ್ಲ. ಮೋಟರನ್ನ ಚಕ್ರದ ಗುಂಬದೊಳಗೇ ಇಟ್ಟರೆ ನಡುವೆ ಏನೂ ಬೇಕಾಗಿಲ್ಲ ಅಲ್ವಾ? ಎಲೆಕ್ಟ್ರಿಕ್ ಮೋಟರ್ ನಿಂತಲ್ಲಿಂದಲೇ ಪೂರ್ತಿ ಟಾರ್ಕ್ ಕೊಡುತ್ತೆ, ಅದಕ್ಕೆ ಮೊದಲ ಗಿಯರಿನ ಸಹಾಯ ಬೇಡ.

1900ರಲ್ಲಿ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಲೋನರ್-ಪೋರ್ಷೆ ಕಾರು ನಿಂತಿತು. ಮುಂದಿನ ಎರಡು ಚಕ್ರದೊಳಗೆ ಎರಡು ಮೋಟರ್. ಕ್ಲಚ್ಚಿಲ್ಲ, ಚೈನಿಲ್ಲ, ಗಿಯರಿಲ್ಲ. ಜನ ಮುಗಿಬಿದ್ದು ನೋಡಿದರು. ಆದ್ರೆ ಲೆಡ್-ಆಸಿಡ್ ಬ್ಯಾಟರಿಯದ್ದೇ 410 ಕಿಲೋ ತೂಕ, ಒಂದು ಸಲ ಚಾರ್ಜ್ ಮಾಡಿದರೆ ಸುಮಾರು 50 ಕಿಲೋಮೀಟರ್ ಓಟ. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ, ಬಳ್ಳಾರಿಯಿಂದ ಹೊರಟರೆ ತೆಕ್ಕಲಕೋಟೆ ದಾಟಬಹುದು, ಸಿರುಗುಪ್ಪ ಮುಟ್ಟೋದು ಅನುಮಾನ. ಕುರುಗೋಡಿಗೆ ಹೋಗಿ ದೊಡ್ಡ ಬಸವೇಶ್ವರನಿಗೆ ಕೈಮುಗಿಯಬಹುದು, ವಾಪಸ್ ಬರೋಕೆ ಎತ್ತು ಹುಡುಕಬೇಕು. ಇಂಗ್ಲೆಂಡಿನ ಒಬ್ಬ ಗಿರಾಕಿಗೆ ನಾಲ್ಕೂ ಚಕ್ರಕ್ಕೆ ಮೋಟರ್ ಹಾಕಿ ಕೊಟ್ಟ ಕಾರಿನಲ್ಲಂತೂ ಬ್ಯಾಟರಿಯೇ 1,800 ಕಿಲೋ. ಬ್ಯಾಟರಿ ತನ್ನನ್ನ ತಾನೇ ಹೊತ್ತುಕೊಂಡು ಹೋಗ್ತಿತ್ತು ಅನ್ನಬೇಕು.

ಆಗ ಹೊಳೆದದ್ದೇ ಹೈಬ್ರಿಡ್. ಬ್ಯಾಟರಿ ಚಿಕ್ಕದು ಮಾಡಿ, ಕಾರಿನ ಮೇಲೇ ಎರಡು ಸಣ್ಣ ಪೆಟ್ರೋಲ್ ಇಂಜಿನ್ ಕೂರಿಸಿ, ಅವುಗಳಿಂದ ಜನರೇಟರ್ ತಿರುಗಿಸಿ, ಆ ಕರೆಂಟನ್ನ ಚಕ್ರದ ಮೋಟರಿಗೆ ಕೊಟ್ಟ. ಹೆಸರು ಸೆಂಪರ್ ವಿವುಸ್, ಲ್ಯಾಟಿನ್‌ನಲ್ಲಿ ಸದಾ ಜೀವಂತ ಅಂತ ಅರ್ಥ. ಇಂಜಿನ್ನಿಗೂ ಚಕ್ರಕ್ಕೂ ಮಧ್ಯೆ ಕಬ್ಬಿಣದ ಸಂಬಂಧವೇ ಇಲ್ಲ, ಇದ್ದದ್ದು ತಂತಿ ಮಾತ್ರ. ಮಾರಾಟಕ್ಕೆ ಬಂದ ರೂಪಕ್ಕೆ ಮಿಕ್ಸ್ಟೆ ಅಂತ ಹೆಸರಾಯ್ತು. ಬಳ್ಳಾರಿ ಸ್ಟೇಷನ್ನಿನಲ್ಲಿ ಅದಿರಿನ ಗೂಡ್ಸ್ ಎಳೀತಿದ್ದ ಡೀಸೆಲ್ ಇಂಜಿನ್ ನೋಡಿದವರಿಗೆ ಇದು ಹೊಸದಲ್ಲ. ಅದರಲ್ಲೂ ಡೀಸೆಲ್ ತಿರುಗಿಸೋದು ಜನರೇಟರನ್ನ, ಗಾಲಿ ತಿರುಗಿಸೋದು ಮೋಟರ್.

ಗಿಯರ್‌ಬಾಕ್ಸ್ ಹೋಯ್ತು, ಸರಿ. ತೊಂದರೆ ಹೋಯ್ತಾ? ಇಲ್ಲ, ಜಾಗ ಬದಲಾಯಿಸಿತು. ಮೋಟರ್ ತುಂಬಿದ ಚಕ್ರ ಭಾರವಾಯ್ತು, ಹಳ್ಳಕ್ಕೆ ಬಿದ್ದರೆ ಸ್ಪ್ರಿಂಗ್ ತಡೆಯೋ ಮೊದಲೇ ಪೆಟ್ಟು ಮೋಟರಿಗೆ. ಕೆಸರು ಮೋಟರಿನ ಪಕ್ಕಕ್ಕೇ ಬಂತು. ತಾಮ್ರ ಹೆಚ್ಚು ಬೇಕಾಯ್ತು, ಬೆಲೆ ಏರಿತು. ಎಲ್ಲಕ್ಕಿಂತ ಮುಖ್ಯವಾಗಿ ಹಲ್ಲು ಸವೆಯೋ ಜಾಗದಲ್ಲಿ ಬಿಸಿ ಬಂದು ಕೂತಿತು. ಒಂದು ಸಲ ಕರೆಂಟ್ ಮಾಡಿ ಮತ್ತೆ ತಿರುಗಿಸೋ ಶಕ್ತಿಯಾಗಿ ಬದಲಾಯಿಸುವಾಗ ಎರಡೂ ಕಡೆ ನಷ್ಟ, ಆ ನಷ್ಟವೆಲ್ಲ ಬಿಸಿಯೇ.

ಇಲ್ಲಿ ಸ್ವಲ್ಪ ನಿಂತು ಇವತ್ತಿನ ಕಾರಿಗೆ ಬರೋಣ, ಯಾಕಂದ್ರೆ ಪೋರ್ಷೆಯ ಈ ಲೆಕ್ಕ ಇವತ್ತೂ ಬದಲಾಗಿಲ್ಲ. ಹೈಬ್ರಿಡ್ ಅಂತ ಬರೆದಿದ್ದೆಲ್ಲ ಒಂದೇ ಅಲ್ಲ. ಮೈಲ್ಡ್ ಹೈಬ್ರಿಡ್‌ನಲ್ಲಿ ಮಾಮೂಲಿ ಗಿಯರ್‌ಬಾಕ್ಸೇ ಇರುತ್ತೆ, ಪಕ್ಕದಲ್ಲಿ ಇಂಜಿನ್ನಿಗೆ ಕೈಜೋಡಿಸೋ ಒಂದು ಸಣ್ಣ ಮೋಟರ್. ಅಲ್ಲಿ ಕ್ಲಚ್ ಜಾರೋದು, ಗಿಯರ್ ಕೂರದೇ ಇರೋದು ಎಲ್ಲ ಹಳೇ ಲಕ್ಷಣಗಳೇ, ಹಳೇ ಮೆಕ್ಯಾನಿಕ್ಕೇ ಸಾಕು. ಹೈರೈಡರ್ ಥರದ ಕಾರು ಒಂದೇ ಹೆಸರಲ್ಲಿ ಮೈಲ್ಡೂ ಬರುತ್ತೆ, ಸ್ಟ್ರಾಂಗೂ ಬರುತ್ತೆ, ಹಾಗಾಗಿ ಮೊದಲು ನಿಮ್ಮದು ಯಾವುದು ಅಂತ ತಿಳ್ಕೊಳ್ಳಿ. 2022ರಲ್ಲಿ ಬಂದ ಹೋಂಡಾ ಸಿಟಿ ಹೈಬ್ರಿಡ್ ಪೋರ್ಷೆಯ ಮಿಕ್ಸ್ಟೆಗೆ ಹತ್ತಿರದ ನೆಂಟ. ಊರೊಳಗೆ ಇಂಜಿನ್ ಹೆಚ್ಚಾಗಿ ಕರೆಂಟ್ ಮಾಡಿ ಕೊಡುತ್ತೆ, ಹೈವೇಯಲ್ಲಿ ಮಾತ್ರ ಒಂದು ಕ್ಲಚ್ ಅದನ್ನ ನೇರ ಚಕ್ರಕ್ಕೆ ಜೋಡಿಸುತ್ತೆ. ಟೊಯೋಟಾದ ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಪ್ಲಾನೆಟರಿ ಗಿಯರ್ ಸೆಟ್ ಇದೆ. ನಡುವಿನ ಸನ್ ಗಿಯರಿಗೆ ಒಂದು ಮೋಟರ್, ಪುಟ್ಟ ಗಿಯರ್‌ಗಳನ್ನ ಹಿಡಿದಿರೋ ಕ್ಯಾರಿಯರಿಗೆ ಇಂಜಿನ್, ಹೊರಗಿನ ರಿಂಗಿನ ಕಡೆ ಇನ್ನೊಂದು ಮೋಟರ್ ಮತ್ತು ಚಕ್ರ. ಹಲ್ಲುಗಳು ಯಾವಾಗಲೂ ಕಚ್ಚಿಕೊಂಡೇ ಇರ್ತಾವೆ. ಬೆಲ್ಟಿಲ್ಲ, ಬದಲಾಯಿಸೋ ಗಿಯರಿಲ್ಲ, ರಿವರ್ಸ್ ಗಿಯರ್ ಕೂಡ ಇಲ್ಲ, ಮೋಟರ್ ಉಲ್ಟಾ ತಿರುಗುತ್ತೆ ಅಷ್ಟೇ.

ಅದಕ್ಕೇ ಎಕ್ಸಲರೇಟರ್ ತುಳಿದಾಗ ಇಂಜಿನ್ ಜೋರಾಗಿ ಕೂಗಿ ಸ್ಪೀಡ್ ನಿಧಾನಕ್ಕೆ ಏರಿದರೆ ಅದು ಕ್ಲಚ್ ಜಾರಿದ್ದಲ್ಲ, ಆ ಕಾರಿನ ಸ್ವಭಾವವೇ ಹಾಗೆ. ಗಮನ ಕೊಡಬೇಕಾದ್ದು ಬೇರೆ. ಮೊದಲಿಲ್ಲದ ಗುಂಯ್ ಅನ್ನೋ ಸದ್ದು ಹುಟ್ಟಿ ವೇಗದ ಜೊತೆ ಏರಿದರೆ ಬೇರಿಂಗ್ ಮೇಲೆ ಅನುಮಾನ (ಚಕ್ರದ ಬೇರಿಂಗೂ ಇರಬಹುದು, ಅದನ್ನ ಮೊದಲು ನೋಡಿ, ಅದು ಅಗ್ಗ). ಇಂಜಿನ್ ಸ್ಟಾರ್ಟ್ ಆಗೋ ಕ್ಷಣದಲ್ಲಿ ಗಡಗಡ ನಡುಗಿದರೆ ಇಂಜಿನ್ನಿಗೂ ಟ್ರಾನ್ಸ್‌ಮಿಷನ್ನಿಗೂ ನಡುವಿನ ಡ್ಯಾಂಪರ್ ಅಥವಾ ಇಂಜಿನ್ ಮೌಂಟ್, ಕೆಲವು ಸಲ ಇಂಜಿನ್ನಿನದ್ದೇ ತೊಂದರೆ. ಕಾರಿನ ಕೆಳಗೆ ಎಣ್ಣೆ ಹನಿ, ಸುಟ್ಟ ವಾಸನೆ ಬಂದರೆ ಕಾಯಬಾರದು. ಹೈಬ್ರಿಡ್ ಸಿಸ್ಟಮ್ ಬಿಸಿಯಾಗಿದೆ ಅಂತ ಬೋರ್ಡಲ್ಲಿ ಬಂದು ಎಳೆತ ಕಡಿಮೆಯಾದರೆ, ಅದು ಕಾರು ತನ್ನನ್ನ ತಾನು ಕಾಪಾಡ್ಕೊಳ್ತಿರೋದು.

ನಮಗೆ ಪರಿಚಯದ ಟ್ಯಾಕ್ಸಿ ಅಣ್ಣ ಒಬ್ಬರಿಗೆ ಇದೇ ಆಯ್ತು. ಮೇ ತಿಂಗಳು, ನಲವತ್ತು ದಾಟಿದ ಬಿಸಿಲು, ಸಿರುಗುಪ್ಪದ ಕಡೆಯಿಂದ ಭತ್ತದ ಟ್ರ್ಯಾಕ್ಟರುಗಳ ಹಿಂದೆ ತೆವಳ್ಕೊಂಡು ಬರ್ತಿದ್ದಾಗ ಎಚ್ಚರಿಕೆ ದೀಪ ಬಂದು ಎಳೆತ ನಿಂತಿತು. ಒಂದು ಗ್ಯಾರೇಜಲ್ಲಿ ಟ್ರಾನ್ಸ್‌ಮಿಷನ್ನೇ ಬದಲಿಸಬೇಕು ಅಂದರು, ಲಕ್ಷದ ಮೇಲೆ ಲೆಕ್ಕ ಹೇಳಿದರು. ಸಾಲದ ಕಂತು ಕಟ್ತಿರೋ ಮನುಷ್ಯ, ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಇನ್ನೊಂದು ಕಡೆ ಹೈಬ್ರಿಡ್ ಕೋಡ್ ಓದೋ ಸ್ಕ್ಯಾನರ್ ಹಾಕಿ ನೋಡಿದರೆ, ಕೆಟ್ಟಿದ್ದು ಇನ್ವರ್ಟರಿಗೆ ಕೂಲಂಟ್ ತಳ್ಳೋ ಪುಟ್ಟ ಪಂಪ್. ಅದಕ್ಕೆ ಇಂಜಿನ್ನಿನದ್ದಲ್ಲದ ಬೇರೆ ಕೂಲಂಟ್ ಡಬ್ಬಿಯೇ ಇರುತ್ತೆ, ಅದನ್ನ ತೆರೆದು ನೋಡೋರೇ ಕಡಿಮೆ.

ಇಂಥದ್ದಾದರೆ ಮಾಡಬೇಕಾದ್ದು ಇಷ್ಟೇ. ಪಕ್ಕಕ್ಕೆ ನಿಲ್ಲಿಸಿ, ಪಿ ಗೆ ಹಾಕಿ, ಪವರ್ ಆಫ್ ಮಾಡಿ, ಬೋರ್ಡಿನ ಮೇಲೆ ಬಂದ ದೀಪದ ಫೋಟೋ ತೆಗೆದುಕೊಳ್ಳಿ. ಕಿತ್ತಳೆ ಬಣ್ಣದ ಕೇಬಲ್ ಮುಟ್ಟಲೇಬೇಡಿ, ಅದರಲ್ಲಿ ನೂರಾರು ವೋಲ್ಟ್ ಇರುತ್ತೆ. ಬೋರ್ಡಲ್ಲಿ ಕೋಡ್ ಅಳಿಸಿ ಮತ್ತೆ ಓಡಿಸೋ ಬುದ್ಧಿವಂತಿಕೆ ಬೇಡ. ನಮ್ಮ ಕಡೆ ಕಾರು ಕೆಟ್ಟರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಊರಿಗೆ ಎಳ್ಕೊಂಡು ಬರೋದು ರೂಢಿ. ಇಲ್ಲಿ ಅದು ಬೇಡ. ಮುಂದಿನ ಚಕ್ರ ನೆಲದ ಮೇಲೆ ತಿರುಗಿದರೆ ಒಳಗಿನ ಮೋಟರೂ ತಿರುಗುತ್ತೆ, ಅದು ಕರೆಂಟ್ ಹುಟ್ಟಿಸೋ ಯಂತ್ರ. ಮುಂದಿನ ಚಕ್ರ ಎತ್ತಿ ಅಥವಾ ಪೂರ್ತಿ ಕಾರನ್ನ ಲಾರಿ ಮೇಲೆ ಹಾಕಿ ತರಬೇಕು. ಇನ್ನೊಂದು, ರೈಲ್ವೆ ಗೇಟಲ್ಲಿ ನ್ಯೂಟ್ರಲ್ ಹಾಕಿ ಎಸಿ ಓಡಿಸ್ತಾ ಕೂರಬೇಡಿ. ಟೊಯೋಟಾ ಥರದ ವ್ಯವಸ್ಥೆಯಲ್ಲಿ ನ್ಯೂಟ್ರಲ್‌ನಲ್ಲಿದ್ದರೆ ಬ್ಯಾಟರಿ ಚಾರ್ಜ್ ಆಗಲ್ಲ, ಖಾಲಿಯಾದರೆ ಕಾರು ಅಲ್ಲೇ ನಿಲ್ಲುತ್ತೆ. ಆಗಲೂ ಜನ ಗಿಯರ್‌ಬಾಕ್ಸಿಗೇ ಬೈಯ್ತಾರೆ.

ಬಿಸಿ ಅನ್ನೋದು ಪೋರ್ಷೆಯನ್ನೂ ಕೊನೇವರೆಗೆ ಬಿಡಲಿಲ್ಲ, ಆದ್ರೆ ಅದಕ್ಕೆ ಇನ್ನೂ ಸಮಯವಿತ್ತು. 1902ರಲ್ಲಿ ಸೈನ್ಯದ ಕರೆ ಬಂದು, ಆರ್ಚ್‌ಡ್ಯೂಕ್ ಫ್ರಾಂಜ್ ಫರ್ಡಿನಾಂಡ್‌ನನ್ನ ಕೂರಿಸಿಕೊಂಡು ಕಾರು ಓಡಿಸಿದ. ಹೌದು, 1914ರಲ್ಲಿ ಸರಯೇವೊದಲ್ಲಿ ಗುಂಡೇಟಿಗೆ ಸತ್ತು ಮಹಾಯುದ್ಧಕ್ಕೆ ಕಾರಣವಾದ ಅದೇ ರಾಜಕುಮಾರ. 1906ರಲ್ಲಿ ಪೋರ್ಷೆ ಆಸ್ಟ್ರೋ-ಡೈಮ್ಲರ್ ಕಂಪನಿಯ ಮುಖ್ಯ ಡಿಸೈನರ್ ಆದ. 1910ರ ಪ್ರಿನ್ಸ್ ಹೆನ್ರಿ ರೇಸನ್ನ ತಾನೇ ಮಾಡಿದ ಕಾರನ್ನ ತಾನೇ ಓಡಿಸಿ ಗೆದ್ದ. ಯುದ್ಧ ಬಂದಾಗ ಮಿಕ್ಸ್ಟೆಯ ತತ್ವವನ್ನೇ ಹಿಗ್ಗಿಸಿ ರಸ್ತೆ ಮೇಲೆ ಓಡೋ ರೈಲು ಕಟ್ಟಿದ. ಮುಂದಿನ ಗಾಡಿಯಲ್ಲಿ ಇಂಜಿನ್ ಮತ್ತು ಜನರೇಟರ್, ಅಲ್ಲಿಂದ ಕೇಬಲ್, ಹಿಂದಿನ ಗಾಡಿಯ ಚಕ್ರಗಳಿಗೂ ಮೋಟರ್. ಚಕ್ರ ಬದಲಿಸಿದರೆ ಹಳಿ ಮೇಲೂ ಓಡ್ತಿತ್ತು. ಎಳೆದದ್ದು ಸ್ಕೋಡಾ ಕಂಪನಿಯ ದೈತ್ಯ ಫಿರಂಗಿಗಳನ್ನ. ಯುದ್ಧದ ಹೊತ್ತಲ್ಲೇ ವಿಯೆನ್ನಾದ ಟೆಕ್ನಿಕಲ್ ಯೂನಿವರ್ಸಿಟಿ ಆತನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕದ್ದು ಪಾಠ ಕೇಳಿದವನನ್ನ ಕರೆದು ಡಾಕ್ಟರ್ ಮಾಡಿದರು.

1923ರಲ್ಲಿ ಸ್ಟುಟ್‌ಗಾರ್ಟ್‌ನ ಡೈಮ್ಲರ್‌ಗೆ ಬಂದ, ಸೂಪರ್‌ಚಾರ್ಜರ್ ಹಾಕಿದ ಮರ್ಸಿಡಿಸ್‌ಗಳನ್ನ ಮಾಡಿದ, ಜಗಳ ಮಾಡಿಕೊಂಡು ಬಿಟ್ಟ. ಎಲ್ಲಿ ಹೋದರೂ ಮ್ಯಾನೇಜ್‌ಮೆಂಟ್ ಜೊತೆ ಜಗಳ ಆತನಿಗೆ ತಪ್ಪಲಿಲ್ಲ. 1931ರಲ್ಲಿ ಸ್ವಂತ ಡಿಸೈನ್ ಆಫೀಸ್ ತೆರೆದ. ಜೊತೆಗೆ ಪಾಲುದಾರರಾಗಿ ಅಳಿಯ ಆಂಟನ್ ಪಿಯೆಕ್ ಮತ್ತು ಅಡಾಲ್ಫ್ ರೋಸನ್‌ಬರ್ಗರ್ ಅನ್ನೋ ಯಹೂದಿ ರೇಸ್ ಡ್ರೈವರ್. ಶುರುವಿನ ಕಷ್ಟದ ದಿನಗಳಲ್ಲಿ ದುಡ್ಡು ಹೊಂದಿಸಿದವನು ಈ ರೋಸನ್‌ಬರ್ಗರ್.

1934ರಲ್ಲಿ ಹಿಟ್ಲರ್ ಸರ್ಕಾರ ಜನಸಾಮಾನ್ಯರ ಕಾರು ಮಾಡೋ ಕೆಲಸ ಕೊಟ್ಟಿತು. ಬೆಲೆ 990 ಮಾರ್ಕ್ ದಾಟಬಾರದು. ನಮಗೆ ಈ ಇಡೀ ಜೀವನದಲ್ಲಿ ಅತಿ ಸ್ವಾರಸ್ಯ ಅನ್ನಿಸಿದ್ದು ಇಲ್ಲಿ. ಗಿಯರ್‌ಬಾಕ್ಸ್ ಬೇಡ ಅಂತ ಹೆಸರು ಮಾಡಿದ ಮನುಷ್ಯ ಬೀಟಲ್ ಕಾರಿಗೆ ಹಾಕಿದ್ದು ಮಾಮೂಲಿ ನಾಲ್ಕು ಗಿಯರಿನ ಮ್ಯಾನುಯಲ್ ಗಿಯರ್‌ಬಾಕ್ಸ್. 990 ಮಾರ್ಕಿಗೆ ಅಷ್ಟು ತಾಮ್ರ, ಜನರೇಟರ್, ಮೋಟರ್ ಎಲ್ಲಿಂದ ಬರಬೇಕು? ಕಬ್ಬಿಣದ ಹಲ್ಲು ಅಗ್ಗ. ಕೆಟ್ಟರೆ ಹಳ್ಳಿಯ ಮೆಕ್ಯಾನಿಕ್ ಬಿಚ್ಚಿ ಕೂರಿಸ್ತಾನೆ. ನೀರಿನ ರೇಡಿಯೇಟರೂ ಬೇಡ, ಗಾಳಿಯಿಂದಲೇ ತಂಪಾಗಲಿ ಅಂದ. ಇದನ್ನ ಸೋಲು ಅಂತ ನಾವು ಕರೆಯಲ್ಲ.

ಸೋಲು ಬೇರೆ ಕಡೆ ಇದೆ. 1935ರಲ್ಲಿ ರೋಸನ್‌ಬರ್ಗರ್‌ನ ಪಾಲನ್ನ ಕಡಿಮೆ ಬೆಲೆಗೆ ವಾಪಸ್ ತಗೊಂಡರು. ಅದೇ ವರ್ಷ ನಾಜಿಗಳು ಅವನನ್ನ ಹಿಡಿದು ಕಿಸ್ಲಾವ್ ಶಿಬಿರಕ್ಕೆ ಹಾಕಿದರು. ಆಮೇಲೆ ಬಿಡುಗಡೆಯಾಗಿ ಅಮೆರಿಕ ಸೇರಿದ. ಪೋರ್ಷೆ 1937ರಲ್ಲಿ ನಾಜಿ ಪಕ್ಷ ಸೇರಿದ. ವೋಲ್ಫ್ಸ್‌ಬರ್ಗ್‌ನಲ್ಲಿ ಕಟ್ಟಿದ ಫೋಕ್ಸ್‌ವ್ಯಾಗನ್ ಫ್ಯಾಕ್ಟರಿಯಲ್ಲಿ ಯುದ್ಧದ ಸಮಯದಲ್ಲಿ ದುಡಿದವರಲ್ಲಿ ಬಹುಪಾಲು ಬಲವಂತವಾಗಿ ತಂದ ಪರದೇಶಿಗಳು, ಯುದ್ಧಕೈದಿಗಳು, ಶಿಬಿರದ ಕೈದಿಗಳು. ಆ ಫ್ಯಾಕ್ಟರಿಯ ಆಡಳಿತದಲ್ಲಿ ಪೋರ್ಷೆ ಇದ್ದ. ಆತನಿಗೆ ರಾಜಕೀಯ ಗೊತ್ತಿರಲಿಲ್ಲ, ಯಂತ್ರ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ ಅಂತ ಬರೆಯೋರಿದ್ದಾರೆ. ಇಂಜಿನಿಯರಿಂಗ್ ಓದ್ತಿರೋ ನಮಗೆ ಆ ಸಮರ್ಥನೆ ಹಿಡಿಸಲ್ಲ. ಬೇರಿಂಗಿನ ಸಣ್ಣ ಸದ್ದು ಕೇಳಿಸೋ ಕಿವಿಗೆ ಪಕ್ಕದಲ್ಲಿ ಹಸಿದು ದುಡಿಯೋ ಮನುಷ್ಯ ಕೇಳಿಸಲಿಲ್ಲ ಅಂದ್ರೆ ಹೇಗೆ ನಂಬೋದು?

ಹಳೇ ಆಸೆ ಮತ್ತೆ ತಲೆ ಎತ್ತಿದ್ದು ಟ್ಯಾಂಕಿನಲ್ಲಿ. ಟೈಗರ್ ಟ್ಯಾಂಕಿಗೆ ಎರಡು ಕಂಪನಿಗಳ ಪೈಪೋಟಿ, ಹೆನ್ಶೆಲ್ ಮತ್ತು ಪೋರ್ಷೆ. ಹೆನ್ಶೆಲ್ ಮಾಮೂಲಿ ಗಿಯರ್ ಹಾಕಿತು. ಪೋರ್ಷೆ ಮತ್ತೆ ಮಿಕ್ಸ್ಟೆಯ ದಾರಿ ಹಿಡಿದ. ಗಾಳಿಯಿಂದ ತಂಪಾಗೋ ಎರಡು ಇಂಜಿನ್, ಎರಡು ಜನರೇಟರ್, ಎರಡು ಮೋಟರ್. 1902ರ ಕಾರಿಗೆ ಹೊಂದಿದ್ದು ಐವತ್ತು ಟನ್ನಿನ ಉಕ್ಕಿಗೆ ಹೊಂದಲಿಲ್ಲ. ಇಂಜಿನ್‌ಗಳು ಬಿಸಿಯಾಗಿ ಕೈಕೊಟ್ಟವು, ಎಣ್ಣೆ ಕುಡಿದವು, ತಾಮ್ರ ಆಗಲೇ ದೇಶದಲ್ಲಿ ದುರ್ಲಭ. ಲಕ್ಷಣಗಳು ಕಣ್ಣೆದುರಿಗೇ ಇದ್ದವು. ಆದರೂ ಪರೀಕ್ಷೆ ಮುಗಿಯೋ ಮೊದಲೇ ಫ್ಯಾಕ್ಟರಿಯಲ್ಲಿ ಒಡಲುಗಳ ತಯಾರಿ ಶುರುವಾಗಿತ್ತು, ಹಿಟ್ಲರ್ ತನ್ನನ್ನೇ ಆರಿಸ್ತಾನೆ ಅನ್ನೋ ಧೈರ್ಯ. 1942ರಲ್ಲಿ ಆಯ್ಕೆಯಾದದ್ದು ಹೆನ್ಶೆಲ್. ಮಿಕ್ಕಿದ ಸುಮಾರು 90 ಒಡಲುಗಳಿಗೆ ಬೇರೆ ಇಂಜಿನ್, ಉದ್ದದ ತೋಪು ಕೂರಿಸಿದರು. ಆ ಗಾಡಿಗೆ ಆತನ ಹೆಸರನ್ನೇ ಇಟ್ಟು ಫರ್ಡಿನಾಂಡ್ ಅಂದರು. 1943ರ ಜುಲೈನಲ್ಲಿ ಕರ್ಸ್ಕ್ ಯುದ್ಧಕ್ಕೆ ಹೋದವು. ದೂರದಿಂದ ಹೊಡೆಯೋದರಲ್ಲಿ ಭಯಂಕರ, ಆದ್ರೆ ನಿಂತಲ್ಲಿ ಕೆಟ್ಟರೆ ಎಳೆದು ತರೋದೇ ಕಷ್ಟ, ಹಲವನ್ನ ಅಲ್ಲೇ ಬಿಟ್ಟು ಬರಬೇಕಾಯ್ತು. ಆಮೇಲೂ ಆತ ನಿಲ್ಲಿಸಲಿಲ್ಲ. 188 ಟನ್ನಿನ ಮೌಸ್ ಅನ್ನೋ ಟ್ಯಾಂಕಿಗೂ ಎಲೆಕ್ಟ್ರಿಕ್ ಡ್ರೈವ್ ಹಾಕಿದ. ಎರಡೇ ಎರಡು ತಯಾರಾದವು.

1945ರ ಡಿಸೆಂಬರ್‌ನಲ್ಲಿ ಫ್ರೆಂಚರು ಆತನನ್ನ ಬಂಧಿಸಿದರು. ಇಪ್ಪತ್ತು ತಿಂಗಳ ಹತ್ತಿರ ಸೆರೆ, ಕೊನೆಗೆ ಡಿಜೋನ್‌ನ ಜೈಲು, ಅಲ್ಲಿ ಆರೋಗ್ಯ ಕೆಟ್ಟಿತು. 1947ರ ಆಗಸ್ಟ್‌ನಲ್ಲಿ ಬಿಟ್ಟರು. ಅಷ್ಟರಲ್ಲಿ ಮಗ ಫೆರಿ ಆಸ್ಟ್ರಿಯಾದ ಗ್ಮುಂಡ್ ಅನ್ನೋ ಊರಿನ ಹಳೇ ಮರದ ಮಿಲ್ಲಿನಲ್ಲಿ ಕೆಲಸ ಮುಂದುವರಿಸಿದ್ದ. 1948ರಲ್ಲಿ ಅಲ್ಲಿಂದ 356 ಹೊರಬಂತು, ಪೋರ್ಷೆ ಹೆಸರು ಹೊತ್ತ ಮೊದಲ ಕಾರು ಅದು. ಪೋಸ್ಟರಿನ 911 ಬಂದದ್ದು ಅದಕ್ಕೂ ಆಮೇಲೆ, ಅದನ್ನ ಫರ್ಡಿನಾಂಡ್ ನೋಡಲೇ ಇಲ್ಲ.

1950ರ ನವೆಂಬರ್‌ನಲ್ಲಿ ವೋಲ್ಫ್ಸ್‌ಬರ್ಗ್ ಫ್ಯಾಕ್ಟರಿಗೆ ಹೋಗಿ ಸಾಲುಸಾಲಾಗಿ ಇಳೀತಿದ್ದ ಬೀಟಲ್‌ಗಳನ್ನ ನೋಡಿ ಬಂದ. ಪ್ರತಿಯೊಂದರಲ್ಲೂ ನಾಲ್ಕು ಗಿಯರ್. ಕೆಲವೇ ದಿನಗಳಲ್ಲಿ ಪಾರ್ಶ್ವವಾಯು ಹೊಡೆಯಿತು. 1951ರ ಜನವರಿ 30ರಂದು ಸ್ಟುಟ್‌ಗಾರ್ಟ್‌ನಲ್ಲಿ ತೀರಿಕೊಂಡ, 75 ವರ್ಷ. ಆಸ್ಟ್ರಿಯಾದ ಜೆಲ್ ಆಮ್ ಜೀಯಲ್ಲಿರೋ ಮನೆತನದ ತೋಟದಲ್ಲಿ ಮಣ್ಣು ಮಾಡಿದರು. ಸೆಂಪರ್ ವಿವುಸ್ ಕಾರು ಆಗಲೇ ಯಾವುದೋ ಕಾಲದಲ್ಲಿ ಕಾಣೆಯಾಗಿತ್ತು. ಹಳೇ ಫೋಟೋ ಮತ್ತು ಡ್ರಾಯಿಂಗ್‌ಗಳನ್ನ ಹುಡುಕಿ ಪೋರ್ಷೆ ಕಂಪನಿ ಅದನ್ನ ಮತ್ತೆ ಕಟ್ಟಿಸಿ 2011ರಲ್ಲಿ ತೋರಿಸಿತು. ಅದು ಓಡುತ್ತೆ.